ಅಪ್ಪನ ಉದ್ರಿ ಪುಸ್ತಕ ಇದೆಯಾ? ಕೆಲಸ ಹುಡುಕುತ್ತಾ ಎಕ್ಸೆಲ್ ಕಲಿಯಲು ಅದೇ ಸಾಕು

ಹೋದ ವರ್ಷ ನಮ್ಮ ಆಫೀಸಿಗೆ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸ ಕೇಳಿಕೊಂಡು ಒಬ್ಬ ಹುಡುಗ ಬಂದಿದ್ದ. ಬಿ.ಕಾಂ., ಒಳ್ಳೆಯ ಅಂಕ. ರೆಸ್ಯೂಮೆಯಲ್ಲಿ ‘ಅಡ್ವಾನ್ಸ್ಡ್ ಎಕ್ಸೆಲ್’ ಅಂತ ದಪ್ಪಕ್ಷರದಲ್ಲಿತ್ತು. ಜೊತೆಗೆ ಲ್ಯಾಮಿನೇಷನ್ ಮಾಡಿಸಿದ ಬಣ್ಣದ ಸರ್ಟಿಫಿಕೇಟು. ನಾನು ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದೆ. ಅದರಲ್ಲಿ ಇನ್ನೂರು ಬಿಲ್ಲುಗಳ ಪಟ್ಟಿ ಇತ್ತು. ‘ಯಾವ ಪಾರ್ಟಿಯಿಂದ ಎಷ್ಟು ಬರಬೇಕು, ನೋಡಿ ಹೇಳಪ್ಪ’ ಅಂದೆ. ಎರಡು ನಿಮಿಷ ಪರದೆಯನ್ನೇ ನೋಡಿದ. ಆಮೇಲೆ ಜೇಬಿನಿಂದ ಮೊಬೈಲ್ ತೆಗೆದು ಕ್ಯಾಲ್ಕ್ಯುಲೇಟರ್‌ನಲ್ಲಿ ಕೂಡತೊಡಗಿದ.

ಅವನು ದಡ್ಡನಲ್ಲ. ಕೋರ್ಸಿನಲ್ಲಿ ಕೊಟ್ಟಿದ್ದ ಪಟ್ಟಿಗಳೆಲ್ಲ ತೊಳೆದಿಟ್ಟ ಅಕ್ಕಿಯ ಹಾಗೆ ಇದ್ದವು. ಆಫೀಸಿನ ಪಟ್ಟಿಯಲ್ಲಿ ಕಲ್ಲು, ಹೊಟ್ಟು ಎಲ್ಲ ಇರುತ್ತೆ. ಆರಿಸೋದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ 14 ವರ್ಷದಿಂದ ಲೆಕ್ಕ ನೋಡುವ ನಾನು ಇಂಥವರನ್ನು ಪ್ರತಿ ಸಲ ಜಾಹೀರಾತು ಹಾಕಿದಾಗಲೂ ನೋಡುತ್ತೇನೆ.

ಈಚೆಗೆ ಅಣ್ಣನ ಮಗಳು ಬಿ.ಕಾಂ. ಮುಗಿಸಿ, ಹರಿಹರದಿಂದ ಬಂದು ವಿಜಯನಗರದ ಪಿಜಿ ಸೇರಿದಳು. ‘ಅತ್ತೆ, ಯಾವ ಕೋರ್ಸ್ ಸೇರಲಿ?’ ಅಂದಳು. ‘ಯಾವುದೂ ಬೇಡ. ಊರಿಗೆ ಫೋನ್ ಮಾಡಿ, ಅಪ್ಪನ ಅಂಗಡಿಯ ಉದ್ರಿ ಪುಸ್ತಕದ ಫೋಟೊ ತೆಗೆದು ಕಳಿಸೋಕೆ ಹೇಳು’ ಅಂದೆ. ನನಗೇನೋ ಆಗಿದೆ ಅನ್ನೋ ಹಾಗೆ ನೋಡಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅಕೌಂಟ್ಸ್, ಬಿಲ್ಲಿಂಗ್, ಸ್ಟೋರ್ಸ್, ಆಫೀಸ್ ಅಡ್ಮಿನ್ ಕೆಲಸ ಹುಡುಕುವ ಯಾರಿಗಾದರೂ ಇದು ಸಾಕು.

1. ದಿನವನ್ನು ಎರಡು ಹೋಳು ಮಾಡಿ

ಬೆಳಿಗ್ಗೆ ಒಂಬತ್ತರಿಂದ ಹನ್ನೊಂದೂವರೆ ತನಕ ಅರ್ಜಿ, ಮೇಲ್, ಫೋನ್. ಮಧ್ಯಾಹ್ನ ಎರಡರಿಂದ ಐದರ ತನಕ ಕಲಿಕೆ. ದಿನಕ್ಕೆ ಐದಾರು ಅರ್ಜಿ ಹಾಕಿದರೆ ಬೇಕಾದಷ್ಟಾಯಿತು. ಮಂಚದ ಮೇಲೆ ಮಲಗಿಕೊಂಡು ನೂರು ಕಡೆ ‘ಅಪ್ಲೈ’ ಒತ್ತಿದರೆ ಬೆರಳು ನೋಯುತ್ತೆ, ಅಷ್ಟೇ. ಪಿಜಿಯಲ್ಲಿ ಗಲಾಟೆ ಜಾಸ್ತಿ ಇದ್ದರೆ ಹತ್ತಿರದ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಲೈಬ್ರರಿಯಂತೂ ಇದ್ದೇ ಇದೆ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಸಾಮಾನ್ಯ ಬಸ್ಸು ಉಚಿತ. ಹಾಗಾಗಿ ವಾಕ್-ಇನ್ ದೂರ ಅನ್ನೋ ನೆಪ ಬೇಡ.

2. ಒಂದು ನೋಟ್‌ಬುಕ್ ಇಡಿ

ತಾರೀಖು, ಕಂಪನಿ, ಜಾಹೀರಾತು ಎಲ್ಲಿ ನೋಡಿದ್ದು, ಯಾರ ಹತ್ತಿರ ಮಾತಾಡಿದ್ದು, ಮತ್ತೆ ಯಾವಾಗ ಕೇಳಬೇಕು, ಇಷ್ಟು ಬರೆದಿಡಿ. ಮೂರು ವಾರ ಬಿಟ್ಟು ಫೋನ್ ಬರುತ್ತೆ. ಆಗ ‘ಯಾವ ಕಂಪನಿ ಸಾರ್?’ ಅಂದರೆ ಕೇಳಿದವರಿಗೆ ಅಲ್ಲಿಗೇ ಆಸಕ್ತಿ ಹೋಗುತ್ತೆ. ಹಾಗೇ, ದಯವಿಟ್ಟು ಕಾಲರ್ ಟ್ಯೂನ್ ತೆಗೆಸಿ.

3. ಕಾಗದಪತ್ರ

ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿಗಳನ್ನು ಡಿಜಿಲಾಕರ್‌ನಿಂದ ಇಳಿಸಿಕೊಳ್ಳಿ. ರೆಸ್ಯೂಮೆ ಒಂದೇ ಪುಟ ಇರಲಿ. ಪಿಡಿಎಫ್ ಮಾಡಿ, ಫೈಲಿಗೆ ನಿಮ್ಮ ಹೆಸರಿಡಿ. ‘ನ್ಯೂ ಫೈನಲ್ 3’ ಅಂತ ಹೆಸರಿರುವ ರೆಸ್ಯೂಮೆಗಳು ನನ್ನ ಮೇಲ್‌ನಲ್ಲಿ ಒಂದು ಹನ್ನೆರಡಾದರೂ ಇವೆ. ಯಾವುದು ಯಾರದ್ದೋ ದೇವರಿಗೇ ಗೊತ್ತು.

4. ಉದ್ರಿ ಪುಸ್ತಕವನ್ನು ಎಕ್ಸೆಲ್‌ಗೆ ತನ್ನಿ

ಎಲ್ಲರೂ ಎಡವೋದು ಇಲ್ಲೇ. ನಿಧಾನವಾಗಿ ಓದಿ.

ಮನೆಯಲ್ಲಿ ಅಂಗಡಿ ಇಲ್ಲದಿದ್ದರೆ ಹಾಲಿನ ಡೈರಿ ಲೆಕ್ಕ, ಮಾವನ ಗ್ಯಾರೇಜಿನ ಬಿಲ್ ಬುಕ್, ಅಮ್ಮನ ಸಂಘದ ಉಳಿತಾಯದ ಪುಸ್ತಕ, ಏನಾದರೂ ಆಗುತ್ತೆ. ಜನ ಕೈಯಲ್ಲಿ ಬರೆದ, ತಪ್ಪುಗಳಿರುವ, ನಿಜವಾದ ಲೆಕ್ಕ ಆಗಿರಬೇಕು. ಮೂರು ತಿಂಗಳದ್ದು ಸಾಕು.

ಲ್ಯಾಪ್‌ಟಾಪ್ ಇಲ್ಲದವರು ಎಸ್.ಪಿ. ರಸ್ತೆಯಲ್ಲಿ ಹಳೆಯದೊಂದನ್ನು ನೋಡಬಹುದು. ಅದರ ಜೊತೆಗೆ ಬಲಗಡೆ ನಂಬರ್ ಪ್ಯಾಡ್ ಇರುವ ಕೀಬೋರ್ಡ್ ಒಂದು ತಗೊಳ್ಳಿ. ಮೇಲಿನ ಸಾಲಿನ ಅಂಕಿಗಳನ್ನು ಒಂದೊಂದೇ ಹುಡುಕಿ ಒತ್ತುವವರನ್ನು ನೋಡಿದರೆ ನನಗೆ ತಾಳ್ಮೆ ಇರಲ್ಲ. ಸಾಫ್ಟ್‌ವೇರ್‌ಗೆ ದುಡ್ಡು ಹಾಕಬೇಡಿ. ಮೈಕ್ರೋಸಾಫ್ಟ್ ಖಾತೆ ಇದ್ದರೆ ಬ್ರೌಸರ್‌ನಲ್ಲೇ ಎಕ್ಸೆಲ್ ಉಚಿತ. ಗೂಗಲ್ ಶೀಟ್ಸ್, ಲಿಬ್ರೆ ಆಫೀಸ್‌ನ ಕ್ಯಾಲ್ಕ್ ಕೂಡ ಉಚಿತ. ಮೊಬೈಲ್‌ನಲ್ಲಿ ಕಲಿತೀನಿ ಅನ್ನಬೇಡಿ, ಆಗಲ್ಲ.

ಫೋಟೊ ಹಾಕಿದರೆ ಸಾಕು, ಎಕ್ಸೆಲ್ ಮಾಡಿಕೊಡ್ತೀವಿ ಅನ್ನುವ ಆ್ಯಪ್‌ಗಳಿವೆ. ನಮ್ಮಣ್ಣನ 1 ಯಾವುದು 7 ಯಾವುದು ಅಂತ ಒಂದೊಂದು ಸಲ ಅವನಿಗೇ ಗೊತ್ತಾಗಲ್ಲ. ಆ್ಯಪ್‌ಗೆ ಎಲ್ಲಿಂದ ಗೊತ್ತಾಗಬೇಕು? ಕೈಯಲ್ಲೇ ಟೈಪ್ ಮಾಡಿ. ಕೈ ಓಡೋದೂ ಕಲಿತ ಹಾಗಾಯಿತು.

ಒಂದು ವಹಿವಾಟಿಗೆ ಒಂದು ಸಾಲು. ಉದ್ರಿ ಪುಸ್ತಕದಲ್ಲಿ ಒಬ್ಬೊಬ್ಬ ಗಿರಾಕಿಗೆ ಒಂದೊಂದು ಪುಟ ಇರುತ್ತೆ. ಹೊಸಬರು ಅದನ್ನೇ ಎಕ್ಸೆಲ್‌ನಲ್ಲೂ ಮಾಡುತ್ತಾರೆ. ಮೇಲೆ ಗಿರಾಕಿಯ ಹೆಸರು, ಕೆಳಗೆ ಲೆಕ್ಕ, ಕೊನೆಗೆ ಒಟ್ಟು, ಆಮೇಲೆ ಎರಡು ಖಾಲಿ ಸಾಲು, ಮತ್ತೆ ಇನ್ನೊಬ್ಬರ ಹೆಸರು. ನೋಡಲು ಚೆಂದ, ಕೆಲಸಕ್ಕೆ ಬಾರದು. ಖಾಲಿ ಸಾಲು ಬಂದ ಕಡೆ ಪಟ್ಟಿ ಮುಗಿಯಿತು ಅಂತ ಫಿಲ್ಟರ್ ತಿಳಿದುಕೊಳ್ಳುತ್ತೆ. ಮಧ್ಯದಲ್ಲಿರುವ ಒಟ್ಟು ಮೊತ್ತಗಳೂ ಸೇರಿ ಕೊನೆಯ ಲೆಕ್ಕ ಎರಡರಷ್ಟಾಗುತ್ತೆ.

ಐದೇ ಕಾಲಂ ಮಾಡಿ: ತಾರೀಖು, ಗಿರಾಕಿ, ಸಾಮಾನು, ಉದ್ರಿಯೋ ಜಮಾನೋ, ಮೊತ್ತ. ಮೇಷ್ಟ್ರು ಹತ್ತು ಸಲ ಸಾಮಾನು ಒಯ್ದಿದ್ದರೆ ಹತ್ತು ಸಾಲಿನಲ್ಲೂ ‘ಮೇಷ್ಟ್ರು’ ಅಂತ ಬರೆಯಿರಿ. ಇನ್ನು ಎಕ್ಸೆಲ್‌ನಲ್ಲಿ ‘ಮರ್ಜ್ ಅಂಡ್ ಸೆಂಟರ್’ ಅಂತ, ಹಲವು ಚೌಕ ಸೇರಿಸಿ ಒಂದು ಮಾಡುವ ಬಟನ್ ಇದೆ. ನನ್ನ ಕೈಯಲ್ಲಿದ್ದಿದ್ದರೆ ಅದನ್ನು ಕಿತ್ತು ಹಾಕುತ್ತಿದ್ದೆ. ಮುಟ್ಟಬೇಡಿ.

ತಾರೀಖು. ಇದು ಸದ್ದಿಲ್ಲದೆ ಕೈ ಕೊಡುತ್ತೆ. ಮಾರ್ಚ್ 5 ಅಂತ ನೀವು 5-3 ಟೈಪ್ ಮಾಡುತ್ತೀರಿ. ಕಂಪ್ಯೂಟರ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ ಅದನ್ನು ಮೇ 3 ಅಂತ ಓದುತ್ತೆ. 13-3 ಅಂತ ಬಂದಾಗ ಹದಿಮೂರನೇ ತಿಂಗಳು ಇಲ್ಲವಲ್ಲ, ಅದನ್ನು ತಾರೀಖು ಅಂತಲೇ ಒಪ್ಪಲ್ಲ, ಬರೀ ಅಕ್ಷರ ಅಂತ ಇಟ್ಟುಕೊಳ್ಳುತ್ತೆ. ಗೊತ್ತಾಗೋದು ಹೇಗೆ? ಸೆಲ್ಲಿನಲ್ಲಿ ತಾರೀಖು, ಅಂಕಿ ಬಲಕ್ಕೆ ಅಂಟಿಕೊಂಡು ನಿಲ್ಲುತ್ತವೆ. ಅಕ್ಷರ ಎಡಕ್ಕೆ ನಿಲ್ಲುತ್ತೆ. ಕಾಲಂ ಮೇಲೆ ಒಮ್ಮೆ ಕಣ್ಣಾಡಿಸಿ, ಎಡಕ್ಕೆ ಸರಿದವರನ್ನು ಹಿಡಿಯಿರಿ. ಕಂಪ್ಯೂಟರಿನ ರೀಜನ್ ಸೆಟ್ಟಿಂಗನ್ನು ‘ಇಂಗ್ಲಿಷ್ (ಇಂಡಿಯಾ)’ ಅಂತ ಮಾಡಿಟ್ಟರೆ ಈ ಕಾಟ ಮುಕ್ಕಾಲು ಪಾಲು ತಪ್ಪುತ್ತೆ.

ಮೊತ್ತ. ಚೆಕ್ ಬರೆದ ಹಾಗೆ 250/- ಅಂತ ಟೈಪ್ ಮಾಡುವವರು ಬಹಳ. ಎಕ್ಸೆಲ್‌ಗೆ ಅದು ಅಂಕಿಯೇ ಅಲ್ಲ. ಕೂಡುವ ಸೂತ್ರ ‘ಸಮ್’ ಹಾಕಿದರೆ ಅದನ್ನು ಬಿಟ್ಟು ಮಿಕ್ಕಿದ್ದನ್ನು ಕೂಡುತ್ತೆ, ತಪ್ಪು ಅಂತ ಒಂದು ಮಾತೂ ಹೇಳಲ್ಲ. ಬರೀ 250 ಅಂತ ಹಾಕಿ. ರೂಪಾಯಿ ಚಿಹ್ನೆ ಬೇಕಿದ್ದರೆ ಆಮೇಲೆ ಫಾರ್ಮ್ಯಾಟ್‌ನಲ್ಲಿ ತರಬಹುದು.

ಬ್ಯಾಂಕ್ ಖಾತೆ ನಂಬರ್ ಹಾಕುವುದಿದ್ದರೆ ಇನ್ನೊಂದು ಎಚ್ಚರಿಕೆ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿ ಮಾತ್ರ ನೆನಪಿಟ್ಟುಕೊಳ್ಳುತ್ತೆ. 16 ಅಂಕಿಯ ಖಾತೆ ನಂಬರ್ ಟೈಪ್ ಮಾಡಿದರೆ ಕೊನೆಯದನ್ನು ಸೊನ್ನೆ ಮಾಡಿಬಿಡುತ್ತೆ. ಆ ಕಾಲಂ ಅನ್ನು ಮೊದಲೇ ‘ಟೆಕ್ಸ್ಟ್’ ಅಂತ ಮಾಡಿ, ಆಮೇಲೆ ಟೈಪ್ ಮಾಡಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಸಂಬಳದ ಪಟ್ಟಿಯಲ್ಲಿ ಇದೇ ತಪ್ಪು ಮಾಡಿ, ಬೈಸಿಕೊಂಡು ಊಟದ ಹೊತ್ತಲ್ಲಿ ಅತ್ತಿದ್ದೇನೆ.

ಹೆಸರು. ಟೈಪ್ ಮಾಡಿ ಮುಗಿದ ಮೇಲೆ ಪಟ್ಟಿಯೊಳಗೆ ಎಲ್ಲಾದರೂ ಕ್ಲಿಕ್ ಮಾಡಿ, ಕಂಟ್ರೋಲ್ ಟಿ ಒತ್ತಿ. ಪಟ್ಟಿ ‘ಟೇಬಲ್’ ಆಗುತ್ತೆ. ಅಲ್ಲಿಂದ ಪಿವಟ್ ಟೇಬಲ್ (ಪಟ್ಟಿಯನ್ನು ಗುಂಪು ಮಾಡಿ ಕೂಡಿಕೊಡುವ ಸಲಕರಣೆ) ತೆರೆದು ಗಿರಾಕಿಯನ್ನು ಸಾಲಿಗೆ, ಉದ್ರಿ-ಜಮಾವನ್ನು ಕಾಲಂಗೆ, ಮೊತ್ತವನ್ನು ವ್ಯಾಲ್ಯೂಗೆ ಎಳೆದು ಬಿಡಿ. ಎರಡೇ ನಿಮಿಷ. ಉದ್ರಿಯಲ್ಲಿ ಜಮಾ ಕಳೆದರೆ ಬಾಕಿ. ‘ಸಮ್’ ಬದಲು ‘ಕೌಂಟ್’ ಅಂತ ಬಂದರೆ ಮೊತ್ತದ ಕಾಲಂನಲ್ಲಿ ಎಲ್ಲೋ ಖಾಲಿ ಸೆಲ್ಲು ಅಥವಾ ಅಕ್ಷರ ಉಳಿದಿದೆ ಅಂತ ಅರ್ಥ. ಹುಡುಕಿ.

ಈಗ ನೋಡಿ ಮಜಾ. ಅಣ್ಣನ ಮಗಳ ಪಟ್ಟಿಯಲ್ಲಿ ಮೇಷ್ಟ್ರು ನಾಲ್ಕು ಜನ ಆಗಿದ್ದರು. ‘ಮೇಷ್ಟ್ರು’, ‘ಮೇಷ್ಟ್ರ ಮನೆ’, ‘ಪಿ.ಟಿ. ಮೇಷ್ಟ್ರು’, ಇನ್ನೊಂದು ನೋಡಲು ಮೊದಲನೆಯದರ ಹಾಗೇ ಇರುವ ‘ಮೇಷ್ಟ್ರು’. ಕೊನೆಯದರ ಹಿಂದೆ ಕಣ್ಣಿಗೆ ಕಾಣದ ಒಂದು ಸ್ಪೇಸ್ ಇತ್ತು. ಅಂಥ ಸ್ಪೇಸನ್ನು ಟ್ರಿಮ್ ಸೂತ್ರ ಒರೆಸಿ ಹಾಕುತ್ತೆ. ಆದರೆ ಪಿ.ಟಿ. ಮೇಷ್ಟ್ರು ಮತ್ತು ಮೇಷ್ಟ್ರು ಒಬ್ಬರೇನಾ, ಇಬ್ಬರಾ? ಇದಕ್ಕೆ ಸೂತ್ರ ಇಲ್ಲ. ಊರಿಗೆ ಫೋನ್ ಮಾಡಿ ಕೇಳಬೇಕು. ಕೇಳಿದಳು. ಇಬ್ಬರು ಬೇರೆ ಬೇರೆ, ‘ಮೇಷ್ಟ್ರ ಮನೆ’ ಮಾತ್ರ ಮೊದಲನೆಯವರದ್ದು ಅಂತ ಅಣ್ಣ ಹೇಳಿದ. ಆಫೀಸಿನಲ್ಲೂ ನನ್ನ ಅರ್ಧ ಕೆಲಸ ಇದೇ. ‘ಶ್ರೀ ಎಂಟರ್‌ಪ್ರೈಸಸ್’ ಅಂತ ಮೂವರಿರುತ್ತಾರೆ. ಯಾರು ಯಾರು ಅಂತ ಫೋನ್ ಮಾಡಿ ಕೇಳದೆ, ತನಗೆ ತೋಚಿದ ಹಾಗೆ ಸೇರಿಸಿಬಿಡುವವರನ್ನು ನಾನು ಕೆಲಸಕ್ಕೆ ತಗೊಳ್ಳಲ್ಲ.

ವಿ-ಲುಕಪ್. ಇನ್ನೊಂದು ಶೀಟಿನಲ್ಲಿ ಗಿರಾಕಿ, ಬೀದಿ, ಫೋನ್ ಬರೆದುಕೊಳ್ಳಿ. ಅಲ್ಲಿಂದ ಬೀದಿಯನ್ನು ಮೊದಲ ಪಟ್ಟಿಗೆ ತರುವುದೇ ವಿ-ಲುಕಪ್. ನಾಲ್ಕು ಮಾತು ಹೇಳಬೇಕು: ಏನನ್ನು ಹುಡುಕಬೇಕು, ಎಲ್ಲಿ ಹುಡುಕಬೇಕು, ಎಷ್ಟನೇ ಕಾಲಂ ತರಬೇಕು, ಕೊನೆಗೊಂದು ಸೊನ್ನೆ. ಆ ಸೊನ್ನೆ ಬಿಟ್ಟವರು ಕೆಟ್ಟರು. ಸೊನ್ನೆ ಅಂದರೆ ‘ಸರಿಯಾಗಿ ಅದೇ ಹೆಸರು ಬೇಕು’ ಅಂತ. ಬಿಟ್ಟರೆ ಹತ್ತಿರದ್ದು ಯಾವುದೋ ಒಂದನ್ನು ತಂದಿಡುತ್ತೆ. ಉತ್ತರ ಬಂತು ಅಂತ ನೀವು ಖುಷಿಯಾಗಿರುತ್ತೀರಿ, ಬಾಕಿ ಕೇಳೋ ಫೋನು ಯಾರಿಗೋ ಹೋಗಿರುತ್ತೆ. ‘ಎನ್/ಎ’ ಅಂತ ಬಂದರೆ ಗಾಬರಿ ಬೇಡ. ಸಿಗಲಿಲ್ಲ ಅಂತ ಪ್ರಾಮಾಣಿಕವಾಗಿ ಹೇಳುತ್ತಿದೆ, ಹೆಸರು ಸರಿ ಮಾಡಿ.

ಎಕ್ಸ್-ಲುಕಪ್ ಅಂತ ಹೊಸದು ಬಂದಿದೆ, ಅದು ಇನ್ನೂ ಸುಲಭ. ಆದರೂ ವಿ-ಲುಕಪ್ಪನ್ನೇ ಮೊದಲು ಕಲಿಯಿರಿ. ಎಕ್ಸೆಲ್ 2019 ಮತ್ತು ಅದಕ್ಕಿಂತ ಹಳೆಯವುಗಳಲ್ಲಿ ಎಕ್ಸ್-ಲುಕಪ್ ಇಲ್ಲ. ಸಣ್ಣ ಆಫೀಸುಗಳಲ್ಲಿ ನಿಮಗೆ ಸಿಗೋದು ಹಳೆಯದೇ.

ತಾಳೆ ನೋಡುವುದು. ಬಹಳ ಜನ ಪಿವಟ್ ಬಂತು ಅಂತ ಇಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ. ಪುಸ್ತಕದಲ್ಲಿ ಅಪ್ಪ ಬರೆದ ಬಾಕಿ ಮತ್ತು ನಿಮ್ಮ ಶೀಟಿನ ಬಾಕಿಯನ್ನು ಒಬ್ಬೊಬ್ಬರದಾಗಿ ಎದುರುಬದುರು ಇಡಿ. ತಾಳೆ ಆಗಲ್ಲ, ಆಗಬಾರದು ಕೂಡ. ಮೊದಲ ಸಲವೇ ತಾಳೆ ಆದರೆ ನನಗೆ ಅನುಮಾನ ಬರುತ್ತೆ.

ವ್ಯತ್ಯಾಸ ಹುಡುಕಲು ಹಳೇ ಗುಮಾಸ್ತರ ಎರಡು ಉಪಾಯ ಇವೆ. ವ್ಯತ್ಯಾಸವನ್ನು 9ರಿಂದ ಭಾಗಿಸಿ. ಶೇಷ ಉಳಿಯದಿದ್ದರೆ ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾಗಿರುವ ಸಾಧ್ಯತೆ ಜಾಸ್ತಿ. ಮೇಷ್ಟ್ರ ಬಾಕಿ 270 ರೂಪಾಯಿ ಜಾಸ್ತಿ ಬರುತ್ತಿತ್ತು. 270 ಅಂದರೆ ಒಂಬತ್ತು ಮೂವತ್ತಲೆ. ಹುಡುಗಿ ಮೇಲಿಂದ ಕೆಳಗೆ ಬೆರಳಿಟ್ಟು ನೋಡಿದಳು. 360 ಇದ್ದದ್ದನ್ನು 630 ಅಂತ ಹೊಡೆದಿದ್ದಳು. ಎರಡನೆಯದು, ವ್ಯತ್ಯಾಸವನ್ನು ಅರ್ಧ ಮಾಡಿ. ಹೋಟೆಲಿನವರ ಲೆಕ್ಕದಲ್ಲಿ 140 ಹೆಚ್ಚಿತ್ತು. ಅರ್ಧ 70. ಎಪ್ಪತ್ತರ ಸಾಲು ಎಲ್ಲಿದೆ ಅಂತ ಹುಡುಕಿದರೆ, ಜಮಾ ಅಂತ ಇರಬೇಕಾದ್ದು ಉದ್ರಿ ಅಂತ ಕೂತಿತ್ತು. ರಾತ್ರಿ ಹತ್ತೂವರೆಗೆ ನನಗೆ ಫೋನ್ ಮಾಡಿ ‘ಅತ್ತೆ, ಸಿಕ್ತು!’ ಅಂದಳು. ಈ ಮೂರು ತಿಂಗಳ ಲೆಕ್ಕಕ್ಕೆ ಅವಳಿಗೆ ಹನ್ನೊಂದು ಮಧ್ಯಾಹ್ನ ಹಿಡಿಯಿತು.

ಕೊನೆಗೆ ಫೈಲಿನ ಇನ್ನೊಂದು ಪ್ರತಿ ಮಾಡಿ, ಅದರಲ್ಲಿ ಗಿರಾಕಿಗಳ ಹೆಸರು, ಫೋನ್ ತೆಗೆದು ಗಿ-1, ಗಿ-2 ಅಂತ ಹಾಕಿ. ಊರಿನವರ ಸಾಲದ ವಿಷಯ ಬೆಂಗಳೂರಿನ ಇಂಟರ್‌ವ್ಯೂನಲ್ಲಿ ತೋರಿಸುವಂಥದ್ದಲ್ಲ. ಹೆಸರು ಮುಚ್ಚಿದ ಪ್ರತಿ ತಂದವರನ್ನು ಕಂಡರೆ ನನ್ನಂಥವರಿಗೆ ಒಂದು ಗುಲಗಂಜಿ ಗೌರವ ಜಾಸ್ತಿ.

5. ಟ್ಯಾಲಿ

ಇದು ನಮ್ಮ ಬೆಂಗಳೂರಿನದೇ ಲೆಕ್ಕಪತ್ರದ ಸಾಫ್ಟ್‌ವೇರ್. ಟ್ಯಾಲಿ ಪ್ರೈಮ್‌ನ ಎಜುಕೇಷನಲ್ ಮೋಡ್ ಉಚಿತ. ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ವೋಚರ್ (ವಹಿವಾಟಿನ ಎಂಟ್ರಿ) ಹಾಕಬಹುದು. ಅಭ್ಯಾಸಕ್ಕೆ ಅದು ಧಾರಾಳ ಆಯಿತು. ಯಾರೋ ಪೆನ್‌ಡ್ರೈವ್‌ನಲ್ಲಿ ಕೊಡುವ ಕಳ್ಳ ಕಾಪಿ ಹಾಕಿಕೊಂಡು ವೈರಸ್ ತರಿಸಿಕೊಳ್ಳಬೇಡಿ. ಎಫ್5 ಪೇಮೆಂಟ್, ಎಫ್6 ರಿಸೀಟ್, ಎಫ್7 ಜರ್ನಲ್, ಎಫ್8 ಸೇಲ್ಸ್, ಎಫ್9 ಪರ್ಚೇಸ್. ಮೌಸ್ ಮುಟ್ಟದೆ ಹತ್ತು ಹತ್ತು ಎಂಟ್ರಿ ಹಾಕಿ ನೋಡಿ.

ಜಿಎಸ್‌ಟಿಯಲ್ಲಿ ನಾನು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. ‘ನಾವು ಪೀಣ್ಯದಿಂದ ಹೊಸೂರಿನ ಪಾರ್ಟಿಗೆ ಮಾಲು ಕಳಿಸಿದರೆ ಯಾವ ತೆರಿಗೆ?’ ಹತ್ತಿರದ ಊರು, ಬಿಎಂಟಿಸಿ ಬಸ್ಸು ಅತ್ತಿಬೆಲೆ ತನಕ ಹೋಗುತ್ತೆ, ಹಾಗಾಗಿ ರಾಜ್ಯದೊಳಗಿನ ಮಾರಾಟದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಂದುಬಿಡುತ್ತಾರೆ. ಹೊಸೂರು ತಮಿಳುನಾಡು. ಬೇರೆ ರಾಜ್ಯಕ್ಕೆ ಹೋಗುವ ಮಾಲಿಗೆ ಐಜಿಎಸ್‌ಟಿ ಆಗಬೇಕು. ಪಾರ್ಟಿಯ 15 ಅಕ್ಷರಗಳ ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ನೋಡಿದರೆ ಸಾಕು: 29 ಇದ್ದರೆ ಕರ್ನಾಟಕ, 33 ಇದ್ದರೆ ತಮಿಳುನಾಡು.

6. ಹೇಳಿಕೊಳ್ಳುವುದು

ರೆಸ್ಯೂಮೆಯಿಂದ ‘ಅಡ್ವಾನ್ಸ್ಡ್ ಎಕ್ಸೆಲ್’ ಅಳಿಸಿ. ಅದರ ಜಾಗದಲ್ಲಿ, ಕಿರಾಣಿ ಅಂಗಡಿಯ ಮೂರು ತಿಂಗಳ ಉದ್ರಿ ಲೆಕ್ಕವನ್ನು ಎಕ್ಸೆಲ್‌ಗೆ ತಂದು, ಪುಸ್ತಕದ ಜೊತೆ ತಾಳೆ ನೋಡಿ, ಬಾಕಿ ಪಟ್ಟಿ ಮಾಡಿದ್ದೇನೆ ಅಂತ ಬರೆಯಿರಿ. ಎಷ್ಟು ಸಾಲು ಇತ್ತು ಅನ್ನೋ ಲೆಕ್ಕವನ್ನೂ ಹಾಕಿ. ಬಾಕಿ ಪಟ್ಟಿಯ ಪ್ರಿಂಟ್ ಒಂದನ್ನು ಫೈಲಿನಲ್ಲಿ ಇಟ್ಟುಕೊಂಡು ಹೋಗಿ. ‘ಡಿಗ್ರಿ ಮುಗಿದು ಏಳು ತಿಂಗಳಾಯ್ತಲ್ಲ, ಏನ್ಮಾಡ್ತಿದ್ರಿ?’ ಅಂತ ಕೇಳೇ ಕೇಳುತ್ತಾರೆ. ಆಗ ತಲೆ ತಗ್ಗಿಸುವ ಬದಲು ಆ ಹಾಳೆ ತೆಗೆದು, 360 ಹೇಗೆ 630 ಆಯಿತು ಅನ್ನೋದನ್ನೇ ಹೇಳಿ. ಇಂಗ್ಲಿಷ್ ತಡವರಿಸಿದರೂ ಪರವಾಗಿಲ್ಲ. ತಪ್ಪು ಮಾಡಿದೆ, ಹೀಗೆ ಹಿಡಿದೆ ಅಂತ ಹೇಳುವವರು ನನಗೆ ಇಷ್ಟು ವರ್ಷದಲ್ಲಿ ಇಬ್ಬರೋ ಮೂವರೋ ಸಿಕ್ಕಿದ್ದಾರೆ. ಅವರನ್ನು ಬಿಟ್ಟಿಲ್ಲ.

7. ಈ ನಡುವೆ ದುಡ್ಡು

ಡಿಗ್ರಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರು, ಮುಂದೆ ಓದದೇ ಇರುವವರು ಸೇವಾ ಸಿಂಧು ಪೋರ್ಟಲ್‌ನಲ್ಲಿ ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿಗೆ ಅರ್ಜಿ ಹಾಕಿ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ. ಕೆಲಸ ಸಿಗುವ ತನಕ, ಹೆಚ್ಚೆಂದರೆ ಎರಡು ವರ್ಷ. ಪಿಜಿ ಬಾಡಿಗೆಗೆ ಸಾಲದು, ಓಡಾಟಕ್ಕೆ ಆಗುತ್ತೆ. ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಲು ದುಡ್ಡಿಲ್ಲ.

ಕೆಲಸ ಕೊಡಿಸ್ತೀವಿ, ರಿಜಿಸ್ಟ್ರೇಷನ್ ಫೀ ಕಟ್ಟಿ ಅಂದವರಿಗೆ ಒಂದು ಪೈಸೆಯೂ ಕೊಡಬೇಡಿ. ಕೆಲಸ ಹುಡುಕುವ ಕಾಲದಲ್ಲಿ ನಾನೂ ಮೆಜೆಸ್ಟಿಕ್ ಹತ್ತಿರ ಒಂದು ಕನ್ಸಲ್ಟೆನ್ಸಿಗೆ 800 ರೂಪಾಯಿ ಕಟ್ಟಿದ್ದೆ. ಮುಂದಿನ ವಾರ ಹೋದರೆ ಬಾಗಿಲಿಗೆ ಬೀಗ, ಪಕ್ಕದ ಜೆರಾಕ್ಸ್ ಅಂಗಡಿಯವನು ನಕ್ಕ. ಈಗಿನವರು ಟೆಲಿಗ್ರಾಂನಲ್ಲಿ ಬರುತ್ತಾರೆ. ವಿಡಿಯೊಗೆ ಲೈಕ್ ಒತ್ತಿದರೆ ದುಡ್ಡು ಅಂತ ಮೊದಲು ನೂರಿನ್ನೂರು ಹಾಕಿ, ಆಮೇಲೆ ನಿಮ್ಮಿಂದ ಸಾವಿರಗಟ್ಟಲೆ ಕಟ್ಟಿಸಿಕೊಳ್ಳುತ್ತಾರೆ. ಸಿಕ್ಕಿಬಿದ್ದರೆ ನಾಚಿಕೊಂಡು ಕೂರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

8. ಆಫರ್ ಲೆಟರ್ ಬಂದಾಗ

ಸಹಿ ಹಾಕುವ ಮೊದಲು ಅದನ್ನೂ ಎಕ್ಸೆಲ್‌ಗೆ ಹಾಕಿ. ಸಿಟಿಸಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ತಿಂಗಳಿಗೆ 19,785 ಅಂತ ಬರೆದಿರುತ್ತಾರೆ ಅಂದುಕೊಳ್ಳಿ. ಅದರಲ್ಲಿ ಕಂಪನಿ ಕಟ್ಟುವ ಪಿಎಫ್ (ಭವಿಷ್ಯ ನಿಧಿ) 1,200, ಇಎಸ್ಐ (ನೌಕರರ ವಿಮೆ) 585 ಸೇರಿದ್ದರೆ ನಿಮ್ಮ ಸಂಬಳ 18,000. ಮೂಲ ವೇತನ 10,000 ಅಂದರೆ ಅದರ 12 ಪರ್ಸೆಂಟ್, 1,200 ನಿಮ್ಮ ಪಾಲಿನ ಪಿಎಫ್. ಇಎಸ್ಐ ಮುಕ್ಕಾಲು ಪರ್ಸೆಂಟ್, ಅಂದರೆ 18,000ಕ್ಕೆ 135. ಕೈಗೆ ಬರೋದು 16,665. ಪಿಜಿ ಬಾಡಿಗೆ ಕೊಡಬೇಕಾದ್ದು ಇದರಲ್ಲಿ, 19,785ರಲ್ಲಿ ಅಲ್ಲ. ಇಂಟರ್‌ವ್ಯೂನಲ್ಲೇ ‘ಕೈಗೆ ಎಷ್ಟು ಬರುತ್ತೆ ಸಾರ್?’ ಅಂತ ಕೇಳಲು ಸಂಕೋಚ ಬೇಡ. ಲೆಕ್ಕದ ಕೆಲಸಕ್ಕೆ ಬಂದವರು ಲೆಕ್ಕ ಕೇಳಿದರೆ ಯಾರೂ ತಪ್ಪು ತಿಳಿಯಲ್ಲ.

ಮತ್ತೆ, ಒರಿಜಿನಲ್ ಅಂಕಪಟ್ಟಿ ಇಟ್ಟುಕೊಳ್ತೀವಿ ಅಂದರೆ ತೋರಿಸಿ, ಜೆರಾಕ್ಸ್ ಕೊಟ್ಟು, ಒರಿಜಿನಲ್ ವಾಪಸ್ ಬ್ಯಾಗಿಗೆ ಹಾಕಿಕೊಂಡು ಬನ್ನಿ.